ಹಿಮ್ಮೋ, ಹಿಸ್ಸೋ?

ಸಾವಿನ ಮನೆಗೆ ಗ್ರಾಮರ್ ಕೇಳೋಕೆ ಯಾರನ್ನಾದರೂ ಕರೀತಾರಾ? ಹೋದ ವಾರ ನನ್ನನ್ನು ಕರೆದರು.

ಚಂದ್ರಾ ಲೇಔಟ್‌ನಲ್ಲಿ ನಮ್ಮ ಹಿಂದಿನ ಬೀದಿಯ ಗಿರಿಜಮ್ಮನವರ ಮಗ ಕಿರಣ ತೀರಿಕೊಂಡಿದ್ದ. ಆಫೀಸಿನಿಂದ ಬರುವಾಗ ಮಾಗಡಿ ರೋಡಿನಲ್ಲಿ ಬೈಕ್ ಸ್ಕಿಡ್ ಆಯ್ತು. ಹಿಂದೆ ಟಿಪ್ಪರ್ ಇತ್ತು. (ಇದಕ್ಕಿಂತ ಹೆಚ್ಚು ಬರೆಯಲಾರೆ.)

ಶಿವಗಣಾರಾಧನೆಗೆ ಕಾರ್ಡ್ ಆಗಬೇಕಿತ್ತು. ಅವನ ಆಫೀಸಿನವರಿಗಾಗಿ ಹಿಂಬದಿಯಲ್ಲಿ ಇಂಗ್ಲಿಷ್. ತಂಗಿ ಶ್ವೇತಾ ಬರೆದಿದ್ದಳು: ‘ವಿ ಆರ್ ನಾಟ್ ಯೂಸ್ಡ್ ಟು ಹಿಮ್ ನಾಟ್ ಕಮಿಂಗ್ ಹೋಮ್.’ ಅವನು ಮನೆಗೆ ಬಾರದಿರುವುದು ನಮಗಿನ್ನೂ ರೂಢಿಯಾಗಿಲ್ಲ ಅಂತ. ದಾವಣಗೆರೆಯಿಂದ ಬಂದಿದ್ದ ಸೋದರಮಾವ ಶಿವಣ್ಣ ‘ಹಿಮ್’ ಹೊಡೆದುಹಾಕಿ ‘ಹಿಸ್’ ಮಾಡಿದ್ದರು. ಇಬ್ಬರಿಗೂ ಮಾತು ಬೆಳೆದಿತ್ತು. ದುಃಖಕ್ಕೂ ಜಗಳವಾಡೋಕೆ ಏನಾದರೊಂದು ಬೇಕಲ್ಲ?

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ತೀರ್ಪು ನನ್ನದಂತೆ.

ಎರಡೂ ಸರಿ ಅಂದೆ. ‘ಕಮಿಂಗ್’ ನಾಮಪದದ ಹಾಗೆ ನಿಂತಾಗ ಅದರ ಮುಂಚೆ ‘ಹಿಸ್’ ಹಾಕೋದು ಬರವಣಿಗೆಯ ಶಿಸ್ತು. ಮಾತಿನಲ್ಲಿ ‘ಹಿಮ್’ ನಡೆಯುತ್ತೆ. ‘ಹಿಸ್’ ಅಂದರೆ ಒತ್ತು ಬಾರದಿರುವುದರ ಮೇಲೆ. ‘ಹಿಮ್’ ಅಂದರೆ ಹುಡುಗನ ಮೇಲೆ. (ಹುಡುಗಿಯಾಗಿದ್ದರೆ ಈ ಪ್ರಶ್ನೆಯೇ ಇರ್ತಿರಲಿಲ್ಲ. ಎರಡಕ್ಕೂ ‘ಹರ್’.)

ಮ್ಯಾನೇಜರ್‌ಗಳು ನೋಡೋ ಕಾರ್ಡು, ಶಿಸ್ತಾಗಿಯೇ ಇರಲಿ ಅಂದರು ಶಿವಣ್ಣ.

ಗೋಡೆಗೆ ಒರಗಿದ್ದ ಗಿರಿಜಮ್ಮ, ಅವೆರಡಕ್ಕೂ ಕನ್ನಡದಲ್ಲಿ ಏನಂತಾರೆ ಅಂತ ಕೇಳಿದರು. ‘ಹಿಸ್’ ಅಂದ್ರೆ ‘ಅವನ’, ‘ಹಿಮ್’ ಅಂದ್ರೆ ‘ಅವನನ್ನ’ ಅಂದೆ.

“ಹಂಗಾದ್ರೆ ‘ಅವನ’ ಬೇಡ,” ಅಂದರು. “ಬಂದೋರೆಲ್ಲಾ ಅದನ್ನೇ ಕೇಳ್ತಾರೆ. ಅವನ ಬೈಕ್ ಎಲ್ಲಿದೆ, ಅವನ ಬಟ್ಟೆ ಏನ್ಮಾಡ್ತೀರಿ, ಅವನ ರೂಮು ಬಾಡಿಗೆಗೆ ಕೊಡ್ತೀರಾ ಅಂತ. ಅವನನ್ನ ಕೇಳೋರು ಯಾರೂ ಇಲ್ಲ. ಇದೊಂದರಲ್ಲಾದ್ರೂ ಅವನಿರ್ಲಿ.”

 

ಶಿವಣ್ಣ ಎದ್ದು ಬಾಲ್ಕನಿಗೆ ಹೋಗಿ ಪ್ರೆಸ್‌ನವರಿಗೆ ಫೋನ್ ಮಾಡಿದರು. ತಪ್ಪಾಗಬಾರದು ಅಂತ ಒಂದೊಂದೇ ಅಕ್ಷರ ಹೇಳಿದರು. ಎಚ್. ಐ. ಆಮೇಲೆ ದನಿ ಹೊರಡಲಿಲ್ಲ. ಶ್ವೇತಾ ಹೋಗಿ ಫೋನ್ ಇಸ್ಕೊಂಡು ಉಳಿದದ್ದು ಹೇಳಿದಳು. ಮಾವನ ತೋಳು ಮಾತ್ರ ಬಿಡಲಿಲ್ಲ.

ನಮ್ಮ ಭಾಷೆಗೆ ಈ ತಾಪತ್ರಯವಿಲ್ಲ. ‘ಅವನು ಬಾರದಿರುವುದು’ ಅಂತೀವಿ. ಬಾರದಿದ್ದರೂ ‘ಅವನು’ ಇಡಿಯಾಗಿಯೇ ಇರ್ತಾನೆ. ವಾಕ್ಯದಲ್ಲಿ. ಮನೆಯಲ್ಲಲ್ಲ.

ಭಾನುವಾರ ಆರಾಧನೆಯ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯಲ್ಲಿದ್ದ ಪರಿಚಿತರೊಬ್ಬರು ಬಗ್ಗಿ, ಕಾರ್ಡಿನಲ್ಲಿ ತಪ್ಪಿದೆಯಲ್ಲ ಮೇಡಂ, ನೀವಿದ್ದೂ ಹೀಗಾ ಅಂದರು.

“ತಪ್ಪಾಗಿದೆ ಸಾರ್,” ಅಂದೆ. “ಆ ವಯಸ್ಸಿನ ಹುಡುಗ ಹೋಗಬಾರದಿತ್ತು.”