ಅಕ್ಕ ಹೊಲಿದ ನೋಟೀಸು ಪುಸ್ತಕ

ಅಕ್ಕನ ತಿಥಿಯ ಕಾಗದಗಳನ್ನು ನಾನೇ ಬರೆದೆ. ‘ಅ’ ಬಂದಲ್ಲೆಲ್ಲ ನಗು ಬರುತ್ತಿತ್ತು. ಮನೆಯವರು ಏನೆಂದುಕೊಂಡರೋ.

ನಾನು ಚಿಕ್ಕವಳಿದ್ದಾಗ ನಾವು ಬಂಡೂರಿನಲ್ಲಿದ್ದೆವು. ಅಕ್ಕ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ಕುರಿ ಕಾಯುತ್ತಿದ್ದಳು. ನಾನು ಶಾಲೆಗೆ ಸೇರಿ ಆರು ತಿಂಗಳಾದರೂ ಒಂದಕ್ಷರ ತಲೆಗೆ ಹತ್ತಿರಲಿಲ್ಲ.

“ಉಗಾದಿ ಒಳಗೆ ಓದಾಕೆ ಬರ್ನಿಲ್ಲ ಅಂದ್ರೆ ಇವ್ಳೂ ಕುರಿ ಇಂದೆ ಓಗ್ಲಿ,” ಎಂದ ಅಪ್ಪ.

ಮಳವಳ್ಳಿಗೆ ಟೆಂಟು ಸಿನಿಮಾ ಬಂದರೆ ಎತ್ತಿನ ಗಾಡಿಯಲ್ಲಿ ತಮಟೆ ಬಡಿದುಕೊಂಡು ನಮ್ಮೂರಿಗೂ ಬಂದು ನೋಟೀಸು ಎಸೆಯುತ್ತಿದ್ದರು. ಕುದುರೆ ಏರಿ ಕತ್ತಿ ಹಿಡಿದ ಒಬ್ಬ ರಾಣಿಯ ಸಿನಿಮಾಗಳು ಆ ವರ್ಷ ಮೂರು ಬಂದವು, ಒಂದೊಂದರಲ್ಲಿ ಒಂದೊಂದು ಕತೆ. ಊರ ಹುಡುಗಿಯರಿಗೆಲ್ಲ ಅವಳದೇ ಹುಚ್ಚು. ನಾವಿಬ್ಬರೂ ಟೆಂಟಿನೊಳಗೆ ಕಾಲಿಟ್ಟವರಲ್ಲ. ಅಕ್ಕ ಆ ನೋಟೀಸುಗಳನ್ನು ಆಯ್ದು, ದಬ್ಬಳಕ್ಕೆ ಗೋಣಿ ದಾರ ಪೋಣಿಸಿ ಹೊಲಿದು ಪುಸ್ತಕ ಮಾಡಿದಳು. ಒಂದು ಮಗ್ಗುಲಲ್ಲಿ ರಾಣಿ, ಖಾಲಿ ಮಗ್ಗುಲಲ್ಲಿ ಇದ್ದಿಲ ಚುಕ್ಕಿಗಳಲ್ಲಿ ಒಂದೊಂದು ಅಕ್ಷರ. ತಿದ್ದಿದರೆ ಆ ಹಾಳೆಯ ಕತೆ ಹೇಳುತ್ತಿದ್ದಳು, ಪೂರಾ ಅವಳೇ ಕಟ್ಟಿದ್ದು.

ಮೊದಲ ದಿನ ಹೊಲದ ಬದುವಿನಲ್ಲಿ ಕೂತು ‘ಅ’ ತಿದ್ದಿ ಕೊಟ್ಟೆ.

“ಏನಮ್ಮಿ ಇದು, ಆವು ಸುತ್ಕಂಡಂಗದೆ?”

“ನೀನೇ ಅಲ್ವಾ ಏಳ್ಕೊಟ್ಟಿದ್ದು, ಚುಕ್ಕಿ ಮುಟ್ಬಾರ್ದು, ಸುತ್ತಿ ಬರ್ಬೇಕು ಅಂತ?”

“ಅದು ಬಾಗ್ಲು ರಂಗೋಲಿಗೆ ಕಣಮ್ಮಿ. ಅಕ್ಸರಕ್ಕೆ ಚುಕ್ಕಿ ಮ್ಯಾಲೇ ಓಗ್ಬೇಕು.”

ಅವಳು ನಕ್ಕ ರಭಸಕ್ಕೆ ಕುರಿಗಳೂ ಮೇಯುವುದು ಬಿಟ್ಟು ನೋಡಿದವು.

“ರಾಣಿ ಬಾವಿಗೆ ಬಿದ್ದವ್ಳೆ. ‘ಈ’ ತಿದ್ದು, ಮ್ಯಾಕೆ ಎತ್ತಾನ,” ಎನ್ನುವಳು. ರಾಣಿಯನ್ನು ಬಾವಿಯಲ್ಲಿ ಬಿಟ್ಟು ಊಟಕ್ಕೆ ಕೂರುವುದು ಹೇಗೆ? ತಿದ್ದುತ್ತಿದ್ದೆ.

ಯುಗಾದಿಯ ಹಿಂದಿನ ದಿನ ಗಾಡಿ ಮತ್ತೆ ಬಂತು. ಅಪ್ಪ ಹೊಸ ನೋಟೀಸು ಹಿಡಿದು, “ಓದವ್ವ,” ಎಂದ. ಅಕ್ಕ ಕದ ಹಿಡಿದು ನಿಂತಿದ್ದಳು. ನಾನು ಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ಹಾರಿಸಿಕೊಂಡು, ರಾಣಿ ಕೋಟೆ ಗೆಲ್ಲುತ್ತಾಳೆ ಎಂಬಲ್ಲಿಯವರೆಗೂ ಓದಿದೆ. ಆಮೇಲೆ ತಡೆಯಲಾಗಲಿಲ್ಲ.

“ಈ ಸಿನಿಮಾದವ್ರಿಗೆ ಗೊತ್ತೇ ಇಲ್ಲ ಕಣಪ್ಪ. ಕೋಟೆ ಆಗ್ಲೇ ಗೆದ್ದಾಯ್ತು, ನಾನು ‘ಠ’ ತಿದ್ದಿದ ದಿನ.”

ಅಪ್ಪ ಅಕ್ಕನ ಕಡೆ ನೋಡಿದ. “ಬುಡು, ಇವ್ಳು ಇಸ್ಕೂಲ್ಗೇ ಓಗ್ಲಿ. ಕುರಿಗೆ ನೀನೊಬ್ಳೇ ಸಾಕು.”

ಆ ಮಾತಿನಿಂದ ಅವಳಿಗೆ ನೋವಾಯಿತೇನೋ ಎಂದು ಈಗ ಯೋಚಿಸುತ್ತೇನೆ. ಆಗ ಕೇಳಲಿಲ್ಲ. ಅವಳು ಮಾತ್ರ ನನ್ನ ಕೈಯಿಂದ ನೋಟೀಸು ಕಿತ್ತುಕೊಂಡು, “ಒತ್ತಕ್ಸರ ಇನ್ನೂ ಬಾಕಿ ಅವೆ ಕಣಮ್ಮಿ,” ಎನ್ನುತ್ತ ದಬ್ಬಳ ಹುಡುಕಲು ಒಳಗೆ ಓಡಿದಳು.