ಹಸಿರಾದ ಪರದೆ

ಪಕ್ಕದಲ್ಲಿ ಕೂತಿದ್ದವರು ಬಾಯಿಗೆ ಲವಂಗ ಹಾಕಿಕೊಂಡರು. ಆ ವಾಸನೆಗೆ ಆಪಾ ನೆನಪಾದರು... ಧಾರವಾಡದ ಕಾಲೇಜೊಂದರ ಸಭಾಂಗಣ ಅದು. ನನ್ನ ಹಳೆಯ ಮಾಲೀಕರು ಸಾಫ್ಟ್‌ವೇರ್ ಗುಣಮಟ್ಟದ ಬಗ್ಗೆ ಮಾತಾಡಲು ವೇದಿಕೆ ಏರಿದ್ದರು.

ಕೇಶ್ವಾಪುರದಲ್ಲಿ ಬಟ್ಟೆ ಅಂಗಡಿಯೊಂದರ ಮೇಲೆ ನಮ್ಮ ಕಚೇರಿ ಇತ್ತು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಅದನ್ನು ಪರೀಕ್ಷಿಸುವ ಕೆಲಸ ಆಪಾ ಅವರದು; ಆಪಾ ಅಂದರೆ ಅಕ್ಕ, ಕಚೇರಿಯಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದೆವು. ಲವಂಗ ಅಗಿಯುತ್ತ, ಯಾರ ಮುಲಾಜೂ ಇಲ್ಲದೆ ತಪ್ಪು ಹಿಡಿಯುತ್ತಿದ್ದರು. ಕೊನೆಗೆ ಕಂಪ್ಯೂಟರೇ ಪರೀಕ್ಷೆ ಮಾಡುವಂತೆ ಪ್ರೋಗ್ರಾಂ ಬರೆದರು. ನಾವು ಒಂದು ಸಾಲು ತಿದ್ದಿದರೂ ಸಾಕು, ಪರೀಕ್ಷೆಗಳೆಲ್ಲ ತಾವಾಗಿಯೇ ನಡೆಯುತ್ತಿದ್ದವು. ಒಂದು ತಪ್ಪಿದರೂ ಪರದೆ ಕೆಂಪಾಗುತ್ತಿತ್ತು. ನಮ್ಮ ತಿದ್ದುಪಡಿ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ನಾವು ಗೊಣಗಿದರೆ ನಗುತ್ತಿದ್ದರು: "ಇಲ್ಲೇ ಸಿಕ್ತಲ್ಲಾ ಅಂತ ಖುಷಿ ಪಡ್ರಿ."

ದೊಡ್ಡ ಆಸ್ಪತ್ರೆಯೊಂದಕ್ಕೆ ಹೊಸ ಆವೃತ್ತಿ ಕೊಡಬೇಕಾದ ದಿನ ಪರದೆ ಕೆಂಪಾಯಿತು. ರೋಗಿಗೆ ಒಗ್ಗದ ಔಷಧ ಬರೆದರೆ ವೈದ್ಯರನ್ನು ಎಚ್ಚರಿಸುವ ಭಾಗವೇ ಕೆಟ್ಟಿತ್ತು.

"ಇವತ್ತೊಂದಿನ ಆ ಟೆಸ್ಟ್ ಬಂದ್ ಮಾಡ್ರಿ. ಮುಂಜಾನಿಂದ ಅವರ ಫೋನ್ ಬರಾಕತ್ತೈತಿ," ಎಂದರು ಮಾಲೀಕರು.

"ಬಂದ್ ಮಾಡಿದ್ರ ತಪ್ಪು ಹೋಗೂದಿಲ್ರಿ ಸರ್, ನಮಗ ಕಾಣೂದಿಲ್ಲ ಅಷ್ಟ. ನಾ ಮಾಡಂಗಿಲ್ಲ," ಎಂದರು ಆಪಾ.

ಮಾಲೀಕರು ತಾವೇ ಕೂತು ಬಂದ್ ಮಾಡಿದರು. ಪರದೆ ಹಸಿರಾಯಿತು. ಪೇಡೆ ಬೇರೆ ಹಂಚಿದರು!

ಅದೇ ವಾರ ಆ ಆಸ್ಪತ್ರೆಯಲ್ಲಿ ಹೆಣ್ಣುಮಗಳೊಬ್ಬಳಿಗೆ ಒಗ್ಗದ ಇಂಜೆಕ್ಷನ್ ಕೊಟ್ಟರು. ಎಚ್ಚರಿಕೆ ಮೂಡಿರಲಿಲ್ಲ. ಅವಳು ಬದುಕಿದ್ದೇ ಪುಣ್ಯ. ಆಸ್ಪತ್ರೆಯವರು ಕೇಳಲು ಬಂದಾಗ ಮಾಲೀಕರು ಆಪಾ ಕಡೆ ಕೈ ತೋರಿಸಿದರು: "ಟೆಸ್ಟಿಂಗ್ ಇವರದರಿ."

ಪರೀಕ್ಷೆ ನಿಲ್ಲಿಸಿದ್ದು ಯಾರೆಂದು ನಾನು ಎಲ್ಲರೆದುರೇ ಹೇಳಿದೆ. ಮಾಲೀಕರು ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದರು. ಆಪಾ ಕೆಲಸ ಅಂದೇ ಹೋಯಿತು. ಅವರು ಯಾವ ಕಚೇರಿಗೆ ಹೋದರೂ ಆ ಅಪವಾದ ಅವರಿಗಿಂತ ಮೊದಲೇ ಅಲ್ಲಿ ಮುಟ್ಟಿರುತ್ತಿತ್ತು. ಅಂಥ ಹೆಂಗಸು ಅಣ್ಣನ ಗ್ಯಾರೇಜಿನಲ್ಲಿ ಬಿಲ್ಲು ಬರೆಯುತ್ತ ಕೂತರು... ಹೋದ ವರ್ಷ ಕಾಮಾಲೆಯಿಂದ ತೀರಿಕೊಂಡರು.

ವೇದಿಕೆಯಿಂದ ಮಾಲೀಕರ ಮಾತು ಕೇಳಿಸಿತು: "ನಮ್ಮಲ್ಲಿ ಟೆಸ್ಟಿಂಗ್ ಯಾವತ್ತೂ ನಿಲ್ಲೂದಿಲ್ಲ. ಆ ಪದ್ಧತಿ ಸುರು ಮಾಡಿದಾಂವ ನಾನ." ಚಪ್ಪಾಳೆ ಬಿತ್ತು. ನನಗೆ ಕೂತಿರಲು ಆಗಲಿಲ್ಲ.

"ಸುರು ಮಾಡಿದವರು ನಮ್ಮ ಆಪಾ ರೀ. ಬಂದ್ ಮಾಡಿದವರು ನೀವು!"

ಅವರು ಒಂದು ಗುಟುಕು ನೀರು ಕುಡಿದು, "ಮುಂದಿನ ಪ್ರಶ್ನಿ?" ಎಂದರು.

ಹೊರಗೆ ಬಂದೆ. ವಿದ್ಯಾರ್ಥಿನಿಯೊಬ್ಬಳು ಹಿಂದೆಯೇ ಓಡಿ ಬಂದಳು. "ಆ ಆಪಾ ಎಲ್ಲಿರತಾರ್ರಿ? ಅವರ ಕಡೆ ಕಲೀಬೇಕಾಗಿತ್ತು."

"ಭಾಳ ತಡಾ ಆತವಾ," ಎಂದೆ.