ಕಪ್ಪೆತಿಗಣೆಯ ಕುಲ, ಜವರಪ್ಪನ ಕುರಿಯ ಹಲ್ಲು

ಬಾಯಿ ತೆರೆದು ತೋರಿಸಿದರೆ ಸಾಕು, ಭೂಮಿಯ ಮೇಲಿನ ಯಾವ ಪ್ರಾಣಿಯದೇ ಆಗಲಿ, ಕುಲ, ವಯಸ್ಸು, ತಾಯಿಮನೆ ಮೂರನ್ನೂ ಹೇಳಿಬಿಡುತ್ತೇನೆ ಎಂದು ನಂಗವಳ್ಳಿ ಕಡೆಯ ಜವರಪ್ಪ ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ. ಕುರಿಯ ಮಟ್ಟಿಗೆ ಅದು ಸುಳ್ಳಲ್ಲ. ಕೆಳದವಡೆಗೆ ಬೆರಳಾಡಿಸಿ ಎರಡು ಹಲ್ಲೋ ನಾಲ್ಕೋ ಎಂದು ಅವನು ನುಡಿದದ್ದೇ ಸಂತೆಯಲ್ಲಿ ತೀರ್ಪು. ಅವನೆದುರು ಆಕಳಿಸಲು ಊರಿನ ಮುದುಕಿಯರು ಹೆದರುತ್ತಿದ್ದರು.

೧೯೯೬ರ ಬೇಸಿಗೆಯಲ್ಲಿ ಸೇಲಂನ ಒಂದು ಕಾಲೇಜಿನಿಂದ ಶಿವರಾಮನ್ ಎಂಬ ಮೇಷ್ಟ್ರು ಬಂದು ಊರ ಕೆರೆಯ ಕೆಸರಿನಲ್ಲಿ ಮಂಡಿಯೂರಿದ. ಅವನ ಡಬ್ಬಿಯೊಳಗೆ ಉಗುರಿನಷ್ಟು ದೊಡ್ಡ, ಗುಡ್ಡೆಗಣ್ಣಿನ, ಮೈತುಂಬ ನರಹುಲಿಯ ಜೀವವೊಂದು ಕುಪ್ಪಳಿಸುತ್ತಿತ್ತು.

"ಕಪ್ಪೆಮರಿ," ಎಂದ ಜವರಪ್ಪ. "ಇದುಕ್ಕೆ ಸೇಲಂನಿಂದ ಬಸ್ ಅತ್ಕೊಂಡು ಬಂದ್ರಾ?"

ಮೇಷ್ಟ್ರು ಭೂತಗನ್ನಡಿ ಕೊಟ್ಟ. "ಬಾಯಿ ನೋಡಿ ಕುಲ ಹೇಳೋನು ನೀನೇ ಅಲ್ವಾ? ನೋಡು."

ಬಾಯಿಯ ಜಾಗದಲ್ಲಿ ಸೂಜಿಯಂಥ ಕೊಕ್ಕು. ಕಾಲು ಆರು.

"ಕಪ್ಪೆತಿಗಣೆ. ನಿನ್ನ ಚಾಪೆಯ ತಿಗಣೆಗೆ ದೂರದ ದಾಯಾದಿ, ನೀರುತಿಗಣೆಗೆ ಹತ್ತಿರದ ನೆಂಟ. ಈಗ ಬದುಕಿರೋದರಲ್ಲಿ ಈ ಕುಟುಂಬಕ್ಕೆ ಎರಡೇ ಮನೆತನ. ಆಡು ಮೇಯ್ಕರವನುಕ್ಕು ಎನ್ನ ತೆರಿಯುಂ? ಆಡು ಮೇಯಿಸೋನಿಗೆ ಏನು ಗೊತ್ತು?"

ಪಂಚಾಯತಿ ಅಧ್ಯಕ್ಷ ಲಕ್ಷ್ಮಣನ್ ನಕ್ಕ. ಅವನು ನಕ್ಕಿದ್ದಕ್ಕೆ ಊರೂ ನಕ್ಕಿತು. ಆ ನಗು ಎಷ್ಟು ದೂರ ಹೋಯಿತೆಂದರೆ, ನಲ್ಲಂಪಳ್ಳಿಯ ಬೀಗರು ಏನಾಯಿತೆಂದು ಕಾಗದ ಬರೆದು ಕೇಳಿದರು.

ಮುಂದಿನ ವಾರ ಮೇಷ್ಟ್ರಿಗೆ ಕೆರೆಯಂಚಿನಲ್ಲಿ ಒಂದು ಕೆಂಪು ಕಲ್ಲು ಸಿಕ್ಕಿತು. ಅದರ ಮೇಲೆ ಕಪ್ಪೆತಿಗಣೆಯ ಅಚ್ಚು ಪಡಿಮೂಡಿತ್ತು. ಇಂಥ ಪಳೆಯುಳಿಕೆ ಲೋಕದಲ್ಲೇ ಬೆರಳೆಣಿಕೆ, ಇದಕ್ಕೆ ಹತ್ತು ಕೋಟಿ ವರ್ಷ ಎಂದ. ಇಂಥವು ಇನ್ನೂ ಇದ್ದಾವೆಂದು ಲಕ್ಷ್ಮಣನ್ ಅಂದೇ ಕೆರೆಯ ಸುತ್ತ ಜಾಲಿಮುಳ್ಳು ಹಾಕಿಸಿದ.

"ನನ್ನ ಎಂಬತ್ತು ಕುರಿ ನೀರು ಎಲ್ ಕುಡೀಬೇಕು?" ಜವರಪ್ಪ ಕೇಳಿದ. ಬೇರೆ ನೀರು ಮೂರು ಮೈಲಿ ದೂರವಿತ್ತು.

"ಹತ್ತು ಕೋಟಿ ವರ್ಷದ ಮೇಲೆ ಹಿಕ್ಕೆ ಹಾಕಿಸ್ತೀಯಾ?" ಎಂದ ಮೇಷ್ಟ್ರು. "ಕಪ್ಪೆಗೂ ತಿಗಣೆಗೂ ಭೇದ ತಿಳೀದೋನು ಬಾಯಿ ಮುಚ್ಚು."

ಮೂರನೇ ದಿನಕ್ಕೆ ಕುರಿಗಳ ಅರಚಾಟ ತೊಪ್ಪೂರು ಘಾಟಿನ ಲಾರಿ ಹಾರ್ನುಗಳನ್ನೇ ಮುಳುಗಿಸಿತು. ಎರಡು ಮರಿ ಕುಸಿದು ಬಿದ್ದವು. "ಅಲ್ಲೋಗಿ ಕಾಲಿಗಾದರೂ ಬೀಳು, ಓಗು," ಎಂದು ಹೆಂಡತಿ ಸಣ್ಣಕ್ಕ ಅವನನ್ನು ದಬ್ಬಿದಳು.

ಪಂಚಾಯತಿ ಜಗಲಿಯಲ್ಲಿ ಕಲ್ಲನ್ನು ರೇಷ್ಮೆ ಬಟ್ಟೆಯ ಮೇಲೆ ಮದುಮಗನಂತೆ ಕೂರಿಸಿದ್ದರು. ಬಗ್ಗಿದ ಜವರಪ್ಪ ಕಾಲಿಗೆ ಬೀಳಲಿಲ್ಲ, ಕಲ್ಲನ್ನು ಮಗುಚಿದ. ಕಲ್ಲಿನ ಬೆನ್ನ ಮೇಲೆ ಗೊರಸಿನ ಗುರುತು: ಒಂದು ಬೆರಳು ಪೂರ್ತಿ, ಇನ್ನೊಂದು ಅರ್ಧ. ತನ್ನ ಕುರಿಯ ಹೆಜ್ಜೆಯನ್ನು ಕುರುಬನು ಹೆಂಡತಿಯ ದನಿಗಿಂತ ಮೊದಲು ಗುರುತಿಸುತ್ತಾನೆ. ಎದ್ದುಹೋದವನು ಕುಂಟು ಕುರಿಯೊಂದನ್ನು ಹೆಗಲ ಮೇಲೆ ಹೊತ್ತು ತಂದು, ಅದರ ಎಡಗಾಲನ್ನು ಗುರುತಿನಲ್ಲಿಟ್ಟ. ಮಡಕೆಗೆ ಮುಚ್ಚಳ ಕೂತ ಹಾಗೆ ಕೂತಿತು.

ಇಟ್ಟಿಗೆ ಗೂಡಿನ ಮುತ್ತುಸ್ವಾಮಿ ಮುಂದೆ ಬಂದು ಕಲ್ಲನ್ನು ಉಗುರಿನಿಂದ ಕೆರೆದ. "ಇದು ನನ್ನ ಇಟ್ಟಿಗೆ ಚೂರು ಕಣ್ಲಾ. ಓದ ವರ್ಷ ಕೆರೆದಂಡೇಲಿ ಒಣಗಾಕಿದ್ ಅಸಿ ಇಟ್ಟಿಗೇನ ಇವನ ಕುರಿ ತುಳಿದಿತ್ತು. ಅಡೀಲಿದ್ ಉಳ ಅಂಗೇ ಅಚ್ಚಾಗೈತೆ. ಆಮೇಲೆ ಸುಟ್ಟೆ."

ಲಕ್ಷ್ಮಣನ್ ಮುಖ ಇಟ್ಟಿಗೆಗಿಂತ ಕೆಂಪಾಯಿತು. "ಮುಳ್ಳು ತೆಗೀರಿ," ಎಂದ, ಯಾರನ್ನೂ ನೋಡದೆ.

ಮೇಷ್ಟ್ರು ಡಬ್ಬಿ ಮುಚ್ಚುತ್ತ ಹಲ್ಲು ಕಡಿದ. "ಕುರಿ ಕಾಯೋನು ಕುರಿ ಕಾಯಿ. ವಯಸ್ಸು ಹೇಳೋದು ನಿನ್ನ ಕೆಲಸ ಅಲ್ಲ."

ಜವರಪ್ಪ ಕುರಿಯ ಕೆಳದುಟಿ ಸರಿಸಿ ತೋರಿಸಿದ.

"ಆರು ಹಲ್ಲು ಐತೆ ಸಾರ್. ಅತ್ತು ಕೋಟಿ ವರ್ಷಕ್ಕೆ ಇವಳಿಗೆ ಆರೇ ಬಂದದೆ ಅಂದ್ರೆ, ನಿಮಗಿನ್ನೂ ಆಲುಹಲ್ಲೇ ಬಿದ್ದಿಲ್ಲ."